ಕ್ಲಚ್ ತುಳಿಯದೆ ಗೇರ್ ಹಾಕೋದು: ಎಲ್ಲ ಬಗೆಯಲ್ಲೂ ಮಾಡಿ ನೋಡಿದೆ

ಮಂಡ್ಯದಿಂದ ಮೈಸೂರಿಗೆ ವಾಪಸ್ ಬರುತ್ತಿದ್ದೆ. ತೂಬಿನಕೆರೆ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಒಂದು ಹಂಪ್ ಸಿಕ್ಕಿತು. ಮೂರರಿಂದ ಎರಡಕ್ಕೆ ಇಳಿಸೋಣ ಅಂತ ಕ್ಲಚ್ ತುಳಿದೆ. ಟಪ್ ಅಂತ ಒಂದು ಸಣ್ಣ ಸದ್ದು. ಪೆಡಲ್ ಸೀದಾ ನೆಲಕ್ಕೆ ಹೋಯಿತು, ಮೇಲೆ ಬರಲೇ ಇಲ್ಲ. ಪಾದದ ತುದಿ ಕೆಳಗೆ ತೂರಿಸಿ ಎತ್ತಿದರೆ ಬಂತು, ಬಿಟ್ಟರೆ ಮತ್ತೆ ಬಿತ್ತು. ಕ್ಲಚ್ ವೈರ್ ಕಟ್ಟಾಗಿತ್ತು.

ಬ್ರೇಕ್ ಹಾಕಿದೆ. ಗಾಡಿ ಗಡಗಡ ನಡುಗಿ ಆಫ್ ಆಯಿತು. ಸಂಜೆ ಐದೂವರೆ, ಹಿಂದಿನ ಸೀಟಿನಲ್ಲಿ ಅಮ್ಮ. ಪಾಂಡವಪುರದಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ. ಕಬ್ಬಿನ ಲಾರಿ ಓಡಿಸಿಕೊಂಡೇ ಮೂವತ್ತು ವರ್ಷ ಕಳೆದವರು ಅವರು. ಟೋಯಿಂಗ್ ಗಾಡಿ ಕರೆಸೋಣ ಅಂತ ನಾನು ಅಂದರೆ ಅವರು ಬೇರೇನೇ ಹೇಳಿದರು.

"ಒಂದನೇ ಗೇರ್‌ಗೆ ಹಾಕಿ ಸೆಲ್ಫ್ ಹೊಡಿ ಕಣವ್ವ, ಗಾಡಿ ತಾನೇ ಹೊರಡ್ತದೆ. ಆಮೇಕೆ ಎಕ್ಸಲೇಟರ್ ಬುಟ್ಟು ಲಿವರ್ ಎಳಿ, ನೂಟ್ರಲ್‌ಗೆ ಬತ್ತದೆ. ಎಲ್ಡನೇದಕ್ಕೆ ಗುದ್ದಬ್ಯಾಡ. ಸುಮ್ನೆ ಬೆಳ್ಳು ಇಕ್ಕಂಡು ಕಾಯಿ, ಅದೇ ಒಳಿಕೆ ಹೋಯ್ತದೆ."

ಹಾಗೇ ಮಾಡಿದೆ. ಮೂವತ್ತು ಚಿಲ್ಲರೆ ಕಿಲೋಮೀಟರ್, ಎರಡೂ ಇಂಡಿಕೇಟರ್ ಹಾಕಿಕೊಂಡು, ಒಂದೂವರೆ ಗಂಟೆಯಲ್ಲಿ ಬನ್ನಿಮಂಟಪದ ನಮ್ಮ ಮೆಕ್ಯಾನಿಕ್ ಅಂಗಡಿಗೆ ಬಂದು ಮುಟ್ಟಿದೆವು. ಆದರೆ ಬಂದದ್ದು ಬರೀ ಭಯದಲ್ಲಿ. ಕೆಲವು ಸಲ ಗೇರ್ ಬೆಣ್ಣೆಯ ಹಾಗೆ ಒಳಗೆ ಹೋಯಿತು, ಕೆಲವು ಸಲ ಕರ್ರ್ ಅಂತ ಅರಚಿತು. ಯಾವಾಗ ಯಾಕೆ ಅಂತ ಗೊತ್ತಾಗಲಿಲ್ಲ. ಅದು ಗೊತ್ತಾಗಬೇಕು ಅನ್ನಿಸಿತು.

ಹೊಸ ವೈರ್ ಹಾಕಿಸಿದ ಮೇಲೆ ಮಾವನನ್ನು ಮೈಸೂರಿಗೆ ಕರೆಸಿಕೊಂಡೆ. ಬೋಗಾದಿ ದಾಟಿ ಗದ್ದಿಗೆ ರಸ್ತೆ ಕಡೆ ಹೋದರೆ ಸೈಟು ಮಾಡಿ ಬಿಟ್ಟ ಲೇಔಟ್‌ಗಳಿವೆ. ರಸ್ತೆ ಚೆನ್ನಾಗಿದೆ, ಮನೆ ಇನ್ನೂ ಎದ್ದಿಲ್ಲ. ನಾಲ್ಕು ಭಾನುವಾರ ಬೆಳಗ್ಗೆ ಆರಕ್ಕೇ ಅಲ್ಲಿಗೆ ಹೋದೆವು. ಪಕ್ಕದಲ್ಲಿ ಮಾವ, ಹಿಂದೆ ಅಮ್ಮ. ಅಮ್ಮನ ಕೈಯಲ್ಲಿ ಮುಕ್ಕಾಲು ತುಂಬಿದ ನೀರಿನ ಚೊಂಬು. ಗೇರ್ ಬದಲಾದಾಗ ನೀರು ತುಳುಕಿತೋ ಇಲ್ಲವೋ ಹೇಳೋದು ಅಮ್ಮನ ಕೆಲಸ. ನನ್ನದು ಹನ್ನೊಂದು ವರ್ಷದ ಸಣ್ಣ ಪೆಟ್ರೋಲ್ ಕಾರು, 5 ಗೇರ್, ವೈರ್ ಕ್ಲಚ್. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ಇದೆ, ಈ ಕೆಲಸಕ್ಕೆ ಅದೇ ದೊಡ್ಡ ಉಪಕಾರ.

ಹೋಲಿಸೋಕೆ ಮುಂಚೆ ಒಳಗೆ ಏನಿದೆ ಅಂತ ಹೇಳಿಬಿಡಬೇಕು. ಮೆಕ್ಯಾನಿಕ್ ಅಂಗಡಿಯಲ್ಲಿ ಬೇರೊಂದು ಕಾರಿನ ಗೇರ್ ಬಾಕ್ಸ್ ಬಿಚ್ಚಿಟ್ಟಿದ್ದರು. ಅದರಿಂದ ಒಂದು ಹಿತ್ತಾಳೆ ರಿಂಗ್ ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. ದೊಡ್ಡವರ ಬಳೆಯಷ್ಟು ಅಗಲ. ಹೊರಗಡೆ ಸುತ್ತ ಸಣ್ಣ ಸಣ್ಣ ಹಲ್ಲು, ಒಳಗಡೆ ಕೂದಲೆಳೆಯಂಥ ಗೀರು. ಇದೇ ಸಿಂಕ್ರೋ ರಿಂಗ್. ಹೊಸ ರಿಂಗ್‌ನ ಹಲ್ಲಿನ ತುದಿ ಚೂಪಾಗಿ, ಮನೆಯ ಮಾಡಿನ ಹಾಗೆ ಇಳಿಜಾರಾಗಿರುತ್ತದೆ. ಇದರಲ್ಲಿ ತುದಿಯೆಲ್ಲ ಸವೆದು ಮೊಂಡಾಗಿತ್ತು. ಒಳಗಿನ ಗೀರಿನ ಮೇಲೆ ಉಗುರು ಎಳೆದರೆ ತಡೆಯೇ ಇಲ್ಲ, ನುಣ್ಣಗೆ ಜಾರುತ್ತಿತ್ತು.

ಕಾರನ್ನು ಮುಂದಕ್ಕೆ ಓಡಿಸುವ ಗೇರ್‌ಗಳ ಚಕ್ರಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್ ತಳ್ಳಿದಾಗ ಸ್ಲೀವ್ ಅನ್ನೋ ಒಂದು ಹಲ್ಲಿನ ಕೊಳವೆ ಜಾರಿ, ನಮಗೆ ಬೇಕಾದ ಚಕ್ರವನ್ನು ಶಾಫ್ಟಿಗೆ, ಅಂದರೆ ತಿರುಗುವ ದಂಡಕ್ಕೆ, ಕೂಡಿಸುತ್ತದೆ. ಎರಡರ ವೇಗ ಒಂದೇ ಆಗಿದ್ದರೆ ಮಾತ್ರ ಹಲ್ಲಿಗೆ ಹಲ್ಲು ಸೇರುತ್ತದೆ. ಆ ವೇಗ ಒಂದು ಮಾಡೋದು ಈ ಹಿತ್ತಾಳೆ ರಿಂಗ್‌ನ ಕೆಲಸ, ಉಜ್ಜಿ ಉಜ್ಜಿ ಮಾಡುತ್ತದೆ. ಕ್ಲಚ್ ತುಳಿದಿದ್ದರೆ ಎಂಜಿನ್ ಗೇರ್ ಬಾಕ್ಸ್‌ನಿಂದ ಬೇರೆಯಾಗಿರುತ್ತದೆ, ರಿಂಗ್ ಬರೀ ಕ್ಲಚ್ ಪ್ಲೇಟು ಮತ್ತು ಒಂದು ಶಾಫ್ಟಿನ ವೇಗ ಬದಲಿಸಿದರೆ ಸಾಕು. ಕ್ಲಚ್ ತುಳಿಯದಿದ್ದರೆ ಫ್ಲೈವೀಲ್ ಅನ್ನೋ ಭಾರದ ಚಕ್ರದ ಸಮೇತ ಇಡೀ ಎಂಜಿನ್ನಿನ ವೇಗವನ್ನು ಅದೇ ಬದಲಿಸಬೇಕು. ಬಳೆಯಷ್ಟು ರಿಂಗಿಗೆ ಅಷ್ಟು ಭಾರ. ಅಂದರೆ ಕ್ಲಚ್ ಇಲ್ಲದಾಗ ಆ ಕೆಲಸ ರಿಂಗಿಗೆ ಬಿಡದೆ ನಮ್ಮ ಬಲಗಾಲೇ ಮಾಡಬೇಕು. ನಾಲ್ಕು ವಾರ ನಾನು ಕಲಿತದ್ದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಎಲ್ಲರೂ ಮಾಡುವ ಹಾಗೆ, ಕ್ಲಚ್ ತುಳಿದು. ಇದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಅರ್ಧ ಸೆಕೆಂಡಿನ ಕೆಲಸ, ತಪ್ಪಿದರೂ ರಿಂಗ್ ಸರಿಮಾಡಿಕೊಳ್ಳುತ್ತದೆ, ಚೊಂಬಿನ ನೀರು ಅಲ್ಲಾಡಿತು ಅಷ್ಟೆ.

ಎರಡನೇದು, ಕ್ಲಚ್ ಮುಟ್ಟದೆ ಮೇಲಿನ ಗೇರ್‌ಗೆ ಹೋಗೋದು. ನನಗೆ ಆಶ್ಚರ್ಯವಾದದ್ದು ಇಲ್ಲೇ. ಗೇರ್ ಬಿಡಿಸೋದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ. ಎಂಜಿನ್ ಗಾಡಿಯನ್ನು ಎಳೆಯುತ್ತಿರುವಾಗ ಲಿವರ್ ಕದಲಲ್ಲ. ಎಕ್ಸಲೇಟರ್ ಪೂರ್ತಿ ಬಿಟ್ಟು ಗಾಡಿಯೇ ಎಂಜಿನ್ನನ್ನು ತಳ್ಳುತ್ತಿರುವಾಗಲೂ ಕದಲಲ್ಲ. ಇವೆರಡರ ನಡುವೆ ಒಂದು ಕ್ಷಣ ಇದೆ, ಅವನೂ ಎಳೆಯಲ್ಲ ಇವನೂ ತಳ್ಳಲ್ಲ. ಲಿವರ್ ಮೇಲೆ ಎರಡು ಬೆರಳಿನಷ್ಟು ಒತ್ತಡ ಇಟ್ಟುಕೊಂಡು ಕಾಲನ್ನು ನಿಧಾನವಾಗಿ ಎತ್ತುತ್ತಾ ಬಂದರೆ ಆ ಕ್ಷಣ ಬಂದ ತಕ್ಷಣ ಲಿವರ್ ತಾನಾಗೇ ನ್ಯೂಟ್ರಲ್‌ಗೆ ಬೀಳುತ್ತದೆ. ಕೈಗೆ ಅದು ಗೊತ್ತಾಗುತ್ತದೆ, ಸಡಿಲವಾದ ಬಾಗಿಲ ಚಿಲಕ ಕಳಚಿದ ಹಾಗೆ.

ಮುಂದಿನದು ಕಾಯುವ ಕೆಲಸ. ನನ್ನ ಕಾರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಎರಡನೇ ಗೇರ್‌ನಲ್ಲಿದ್ದರೆ ಮೀಟರ್ ಸುಮಾರು 2,400 ತೋರಿಸುತ್ತದೆ. ಅದೇ ವೇಗಕ್ಕೆ ಮೂರನೇದರಲ್ಲಿ 1,600. ನ್ಯೂಟ್ರಲ್‌ಗೆ ಬಂದಮೇಲೆ ಎಂಜಿನ್ 2,400ರಿಂದ 1,600ಕ್ಕೆ ಇಳಿಯಲು ಒಂದು ಸೆಕೆಂಡಿನ ಮೇಲೆ ಚೂರು ಬೇಕು. ಅಲ್ಲಿಯವರೆಗೆ ಲಿವರನ್ನು ಮೂರನೇ ಗೇರ್‌ನ ಬಾಗಿಲಲ್ಲಿ ಮೆತ್ತಗೆ ಒರಗಿಸಿ ಇಟ್ಟುಕೊಂಡಿರಬೇಕು. ಮುಳ್ಳು 1,600ರ ಹತ್ತಿರ ಬಂದಾಗ ಟಕ್ ಅಂತಲೂ ಅನ್ನದೆ ಒಳಗೆ ಹೋಗುತ್ತದೆ. ಮಾವ ಮೀಟರ್ ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದು ಕೇಳುತ್ತಾ "ಈಗ" ಅನ್ನುತ್ತಿದ್ದರು. ಅವರು "ಈಗ" ಅಂದಾಗಲೆಲ್ಲ ಬಿತ್ತು.

ಮೊದಲ ಭಾನುವಾರ ಅರ್ಧಕ್ಕರ್ಧ ತಪ್ಪಿದೆ, ಅವಸರವೇ ಕಾರಣ. ಮೂರನೇ ಭಾನುವಾರದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಸಲ ಸದ್ದಿಲ್ಲದೆ ಹಾಕುತ್ತಿದ್ದೆ. ಅಮ್ಮ ಒಂದು ಸಲ "ಹಾಕಿದ್ಯಾ? ಗೊತ್ತೇ ಆಗ್ಲಿಲ್ಲ" ಅಂದಳು. ಚೊಂಬಿನ ಲೆಕ್ಕದಲ್ಲಿ ಇದು ಕ್ಲಚ್ ತುಳಿದು ಹಾಕಿದ್ದಕ್ಕಿಂತ ಮೆತ್ತಗೆ ಬಂತು. ಎಸಿ ಆನ್ ಇದ್ದರೆ ಎಂಜಿನ್ ವೇಗ ಬೇಗ ಬೀಳುತ್ತದೆ, ಲೆಕ್ಕ ತಪ್ಪುತ್ತದೆ. ಆಫ್ ಮಾಡಿಕೊಳ್ಳೋದೇ ಒಳ್ಳೇದು. ಸ್ನೇಹಿತೆಯ ಹೊಸ ಕಾರಿನಲ್ಲಿ ಕಾಲು ಎತ್ತಿದ ಮೇಲೂ ಆರ್‌ಪಿಎಂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿತ್ತು, ಅಲ್ಲಿ ಇನ್ನೂ ಜಾಸ್ತಿ ಕಾಯಬೇಕಾಯಿತು.

ಮೂರನೇದು ಕ್ಲಚ್ ಇಲ್ಲದೆ ಕೆಳಗಿನ ಗೇರ್‌ಗೆ ಬರೋದು. ಇದು ಮೇಲೆ ಹೋದಷ್ಟು ಸುಲಭ ಅಲ್ಲ, ಯಾರಾದರೂ ಸುಲಭ ಅಂದರೆ ನಂಬಬೇಡಿ. ಮೇಲೆ ಹೋಗುವಾಗ ಎಂಜಿನ್ ವೇಗ ತಾನಾಗೇ ಇಳಿಯುತ್ತದೆ, ನಾವು ಕಾದರೆ ಸಾಕು. ಕೆಳಗೆ ಬರುವಾಗ ವೇಗ ಏರಿಸಬೇಕು. ಅದೇ 30ರಲ್ಲಿ ಮೂರರಿಂದ ಎರಡಕ್ಕೆ ಬರಬೇಕಾದರೆ 1,600ರಲ್ಲಿರುವ ಎಂಜಿನ್ನನ್ನು 2,400ಕ್ಕೆ ತರಬೇಕು. ನ್ಯೂಟ್ರಲ್‌ಗೆ ತಂದು, ಎಕ್ಸಲೇಟರನ್ನು ಒಂದು ಸಲ ಚಿಮ್ಮಿಸಿ, 2,400ಕ್ಕಿಂತ ಸ್ವಲ್ಪ ಮೇಲಕ್ಕೆ ಹಾರಿಸಿ, ಇಳಿಯುತ್ತಾ ಬರುವಾಗ ಲಿವರ್ ತಳ್ಳಬೇಕು. ಏರುವಾಗ ಹಿಡಿಯಲು ಹೋದರೆ ಮುಳ್ಳು ಸರ್ರನೆ ದಾಟಿಹೋಗುತ್ತದೆ. ಇಳಿಯುವಾಗ ನಿಧಾನ, ಹಿಡಿಯಲು ಹೊತ್ತು ಸಿಗುತ್ತದೆ. ಇದನ್ನು ತಿಳಿಯೋಕೆ ನನಗೆ ಎರಡು ಭಾನುವಾರ ಬೇಕಾಯಿತು.

ಇನ್ನೊಂದು ತೊಡಕು ಬ್ರೇಕಿನದು. ಕೆಳಗಿನ ಗೇರ್ ಬೇಕಾಗೋದೇ ವೇಗ ಕಡಿಮೆ ಮಾಡುವಾಗ, ಆಗ ಬಲಗಾಲು ಬ್ರೇಕಿನ ಮೇಲಿರುತ್ತದೆ. ಎಕ್ಸಲೇಟರ್ ಚಿಮ್ಮಿಸುವವರು ಯಾರು? ಎಡಗಾಲು ಖಾಲಿ ಇದೆಯಲ್ಲ ಅಂತ ಅದರಲ್ಲಿ ಬ್ರೇಕ್ ಒತ್ತಿದೆ. ಮಾವ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಕೊಟ್ಟರು, ಅಮ್ಮನ ಸೀರೆಯ ಮೇಲೆ ಅರ್ಧ ಚೊಂಬು ನೀರು. ಎಡಗಾಲಿಗೆ ಗೊತ್ತಿರೋದು ಕ್ಲಚ್ ಒಂದೇ, ಬ್ರೇಕನ್ನೂ ಹಾಗೇ ನೆಲಕ್ಕೆ ತುಳಿದುಬಿಡುತ್ತದೆ. ದಯವಿಟ್ಟು ಇದನ್ನು ಯಾರೂ ರಸ್ತೆಯಲ್ಲಿ ಮಾಡಬೇಡಿ. ಮೊದಲು ಬ್ರೇಕ್ ಹಾಕಿ ವೇಗ ಇಳಿಸಿ, ಬ್ರೇಕ್ ಬಿಟ್ಟು, ಆಮೇಲೆ ಚಿಮ್ಮಿಸಬೇಕು. ಕೊನೇ ಭಾನುವಾರಕ್ಕೂ ನನಗೆ ಹತ್ತರಲ್ಲಿ ಆರು ಸಲ ಮಾತ್ರ ಸರಿ ಬಿತ್ತು. ಉಳಿದ ನಾಲ್ಕು ಸಲ ಆ ಕರ್ರ್ ಸದ್ದು. ಅಂಗೈ ಮೇಲಿದ್ದ ಆ ಮೊಂಡು ರಿಂಗ್ ನೆನಪಾಗಿ ಪ್ರತಿ ಸಲವೂ ಹೊಟ್ಟೆ ಕಿವುಚಿದ ಹಾಗಾಯಿತು.

ವೈರ್ ಕಟ್ಟಾದ ದಿನ ಕೆಳಗಿನ ಗೇರ್‌ನ ಗೋಜಿಗೇ ಹೋಗಬೇಡಿ ಅಂತ ಹೇಳೋದು ಇದಕ್ಕೇ. ಮುಂದೆ ಅಡ್ಡಿ ಕಂಡರೆ ದೂರದಿಂದಲೇ ನ್ಯೂಟ್ರಲ್‌ಗೆ ತಂದು, ಬ್ರೇಕಿನಲ್ಲಿ ನಿಧಾನ ಮಾಡಿ. ನಿಲ್ಲಲೇಬೇಕಾದರೆ ನಿಂತು, ಆಫ್ ಮಾಡಿ, ಮತ್ತೆ ಒಂದನೇ ಗೇರ್‌ನಿಂದ ಹೊರಡಿ. ಗಾಡಿ ಉರುಳುತ್ತಿರುವಾಗ ಮಾತ್ರ ಕೀ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು.

ನಾಲ್ಕನೇದು ಡಬಲ್ ಕ್ಲಚ್. ಮಾವನ ಮುಖ ಅರಳಿದ್ದು ಇದಕ್ಕೆ. ಅವರು ಓಡಿಸಿದ ಹಳೇ ಲಾರಿಗಳ ಗೇರ್ ಬಾಕ್ಸ್‌ನಲ್ಲಿ ಸಿಂಕ್ರೋ ರಿಂಗೇ ಇರಲಿಲ್ಲ. ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ತುಳಿದು ಗೇರ್. ಪ್ರತಿ ಸಲವೂ ಎರಡು ತುಳಿತ. ಕಬ್ಬು ತುಂಬಿಕೊಂಡು ಮೈಷುಗರ್ ಕಾರ್ಖಾನೆ ಕಡೆ ಹೋಗುವಾಗ ಒಂದೊಂದು ಏರಿಗೂ ಇದೇ ಕೆಲಸ ಅಂತೆ. ಕ್ಲಚ್ ಬಿಟ್ಟು ರೇಸ್ ಕೊಡೋದು ಯಾಕೆ ಅಂದರೆ, ಆಗ ಎಂಜಿನ್ ಜೊತೆ ಗೇರ್ ಬಾಕ್ಸ್‌ನ ಶಾಫ್ಟೂ ವೇಗ ಏರಿಸಿಕೊಳ್ಳುತ್ತದೆ. ಕ್ಲಚ್ ಒತ್ತಿಕೊಂಡೇ ರೇಸ್ ಮಾಡಿದರೆ ಎಂಜಿನ್ ಒಂದೇ ಕೂಗುತ್ತದೆ, ಶಾಫ್ಟಿಗೆ ಏನೂ ಮುಟ್ಟಲ್ಲ.

ಈಗಿನ ಕಾರಿಗೆ ಇದು ಬೇಕಾ ಅಂತ ಕೇಳಬಹುದು. ಬೇಕೇ ಬೇಕು ಅಂತಿಲ್ಲ. ಆದರೆ ಒಂದು ಕಡೆ ಇದರ ಬೆಲೆ ನನಗೆ ಸರಿಯಾಗಿ ಗೊತ್ತಾಯಿತು. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಮುಂದೆ ಬಸ್ಸು ನಿಧಾನವಾಗಿ, ನಮ್ಮ ಗಾಡಿ 15ಕ್ಕೆ ಇಳಿದು ಎರಡನೇ ಗೇರ್‌ನಲ್ಲಿ ಏದುಸಿರು ಬಿಡುತ್ತಿತ್ತು. ಓಡುತ್ತಿರುವಾಗಲೇ ಒಂದನೇ ಗೇರ್‌ಗೆ ಹಾಕಲು ಮಾಮೂಲಿಯಾಗಿ ಕ್ಲಚ್ ತುಳಿದು ತಳ್ಳಿದರೆ ಲಿವರ್ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಶಾಫ್ಟ್ 1,200ರಿಂದ 2,200ಕ್ಕೆ ಬರಬೇಕಲ್ಲ, ರಿಂಗಿಗೆ ಅದು ಭಾರ. ಡಬಲ್ ಕ್ಲಚ್ ಮಾಡಿ ನಡುವೆ ಒಂದು ರೇಸ್ ಕೊಟ್ಟೆ. ಎರಡು ಬೆರಳಿಗೆ ಒಂದನೇ ಗೇರ್ ಬಿತ್ತು. ಗಾಡಿ ನಿಲ್ಲಲಿಲ್ಲ, ಹಿಂದಕ್ಕೆ ಜಾರಲಿಲ್ಲ. ಮಾವ ಏನೂ ಹೇಳಲಿಲ್ಲ, ತೊಡೆ ತಟ್ಟಿದರು.

ಕ್ಲಚ್ ಇಲ್ಲದ ಗೇರ್‌ಗೂ ಡಬಲ್ ಕ್ಲಚ್‌ಗೂ ಪಕ್ಕಪಕ್ಕ ಇಟ್ಟರೆ ನನ್ನ ಮನಸ್ಸು ಡಬಲ್ ಕ್ಲಚ್ ಕಡೆ. ಎರಡರಲ್ಲೂ ಕಿವಿ ಒಂದೇ, ಬಲಗಾಲಿನ ಲೆಕ್ಕವೂ ಒಂದೇ. ಆದರೆ ಡಬಲ್ ಕ್ಲಚ್‌ನಲ್ಲಿ ಲೆಕ್ಕ ಚೂರು ತಪ್ಪಿದರೂ ರಿಂಗಿಗೆ ಬೀಳುವ ಪೆಟ್ಟು ಕಡಿಮೆ. ಹಳೇ ಗಾಡಿಯಲ್ಲಿ ಬೆಳಗಿನ ಚಳಿಗೆ ಎರಡನೇ ಗೇರ್ ಹಟ ಮಾಡುತ್ತಿದ್ದರೆ ಇದನ್ನು ಮಾಡಿ ನೋಡಿ. ಕ್ಲಚ್ ಇಲ್ಲದೆ ಗೇರ್ ಹಾಕುವ ಅಭ್ಯಾಸಕ್ಕೂ ಇದೇ ಒಳ್ಳೇ ಪಾಠ. ಮೊದಲು ಡಬಲ್ ಕ್ಲಚ್ ಕಲಿತು ಆಮೇಲೆ ಕ್ಲಚ್ ಬಿಟ್ಟಿದ್ದರೆ ನಾನು ಅಷ್ಟೊಂದು ಸಲ ಕರ್ರ್ ಅನ್ನಿಸುತ್ತಿರಲಿಲ್ಲ.

ನಿಂತ ಗಾಡಿ ಹೊರಡಿಸೋದನ್ನೂ ಮೂರು ಬಗೆಯಲ್ಲಿ ನೋಡಿದೆವು. ಒಂದನೇ ಗೇರ್‌ನಲ್ಲಿಟ್ಟು ಸೆಲ್ಫ್ ಹೊಡೆದರೆ ಗಾಡಿ ಎರಡು ಸಲ ಕುಪ್ಪಳಿಸಿ ಹೊರಡುತ್ತದೆ. ಮುಂದೆ ಎರಡು ಕಾರಿನಷ್ಟು ಜಾಗ ಖಾಲಿ ಇರಬೇಕು, ನೆಲ ಮಟ್ಟವಾಗಿರಬೇಕು. ಸೆಲ್ಫ್ ಮೋಟಾರಿಗೂ ಬ್ಯಾಟರಿಗೂ ಇದು ಶಿಕ್ಷೆಯೇ. ಏರಿನಲ್ಲಿ ನಾನು ಮಾಡಿ ನೋಡಲಿಲ್ಲ, ಮಾವ ಬಿಡಲಿಲ್ಲ. ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಕಾರುಗಳಲ್ಲಿ ವೈರ್ ಕಟ್ಟಾಗಿದ್ದರೂ ಪೆಡಲ್ ಕೆಳಗಿದ್ದರೆ ಸ್ವಿಚ್ಚಿಗೆ ಸಾಕು, ಸ್ಟಾರ್ಟ್ ಆಗುತ್ತದೆ. ಎರಡನೇ ಬಗೆ ತಳ್ಳಿಸೋದು. ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ, ಇಬ್ಬರು ಹಿಂದಿನಿಂದ ತಳ್ಳಲಿ. ಜೋರು ನಡಿಗೆಯ ವೇಗ ಬಂದಾಗ ಒಂದನೇ ಗೇರ್ ಮೆತ್ತಗೆ ಬೀಳುತ್ತದೆ, ಯಾಕಂದರೆ ಒಂದನೇ ಗೇರ್‌ನಲ್ಲಿ 800 ಆರ್‌ಪಿಎಂ ಅಂದರೆ ಗಾಡಿ 5 ಕಿಲೋಮೀಟರ್ ಚಿಲ್ಲರೆ ವೇಗದಲ್ಲಿರುತ್ತದೆ. ವಾಕಿಂಗ್ ಬಂದಿದ್ದ ಇಬ್ಬರು ಅಣ್ಣಂದಿರು ಖುಷಿಯಿಂದ ತಳ್ಳಿಕೊಟ್ಟರು. ಮೂರನೇದು ಇಳಿಜಾರು, ಅದೂ ಇದೇ ಲೆಕ್ಕ, ಜನ ಬೇಡ. ಮೆತ್ತಗೆ ಹೊರಡುವ ವಿಷಯದಲ್ಲಿ ತಳ್ಳೋದು ಮತ್ತು ಇಳಿಜಾರು ಎರಡೂ ಸೆಲ್ಫ್‌ಗಿಂತ ಎಷ್ಟೋ ವಾಸಿ. ರಿವರ್ಸ್ ಬೇಕಾದರೆ ಮಾತ್ರ ಆಫ್ ಮಾಡಿ, ಗೇರ್ ಹಾಕಿ, ಸೆಲ್ಫ್ ಹೊಡೆಯೋದು ಒಂದೇ ದಾರಿ. ಓಡುವ ಎಂಜಿನ್‌ಗೆ ಕ್ಲಚ್ ಇಲ್ಲದೆ ರಿವರ್ಸ್ ಹಾಕಲೇಬಾರದು.

ಮೈಸೂರಿನವಳಾಗಿ ಇನ್ನೊಂದನ್ನು ಹೇಳದೆ ಇರೋಕಾಗಲ್ಲ. ಅಪ್ಪನ ಯೆಜ್ಡಿ ಇನ್ನೂ ಮನೆಯಲ್ಲಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕ್ ತಯಾರಾಗುತ್ತಿತ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಕಾರ್ಖಾನೆ ನಿಂತಿತು. ಆ ಬೈಕಿನಲ್ಲಿ ಕಿಕ್ಕರ್ರೇ ಗೇರ್ ಲಿವರ್ ಅನ್ನೋದು ಊರಿಗೆಲ್ಲ ಗೊತ್ತು. ಆದರೆ ಗೇರ್ ಲಿವರ್ ಒತ್ತಿದರೆ ಒಳಗಿನಿಂದ ಕ್ಲಚ್ಚೂ ತಾನಾಗೇ ಬಿಡಿಸಿಕೊಳ್ಳುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಪ್ಪ ಊರೊಳಗೆ ಕೈ ಕ್ಲಚ್ ಮುಟ್ಟದೇ ಗೇರ್ ಬದಲಿಸುತ್ತಿದ್ದರು. ನಾನೂ ಓಡಿಸಿ ನೋಡಿದೆ. ಗುಟ್ಟು ಕಾಲು ಎತ್ತುವುದರಲ್ಲಿದೆ. ಲಿವರ್ ಒತ್ತಿ ಪಾದವನ್ನು ಫಟ್ಟನೆ ಬಿಟ್ಟರೆ ಬೈಕ್ ಜಿಗಿಯುತ್ತದೆ, ಕ್ಲಚ್ ಬಿಟ್ಟ ಹಾಗೆ ನಿಧಾನ ಬಿಟ್ಟರೆ ನೂಲಿನಂತೆ ಹೋಗುತ್ತದೆ. ಕಾರಿನಲ್ಲಿ ನಾನು ಕಿವಿ, ಕಾಲು, ಮುಳ್ಳು ಮೂರನ್ನೂ ನೋಡಿಕೊಂಡು ಮಾಡಿದ್ದನ್ನು ನಮ್ಮೂರಿನ ಬೈಕು ಒಂದು ಲಿವರ್‌ನಲ್ಲೇ ಮುಗಿಸುತ್ತಿತ್ತು. ಈ ಎಲ್ಲ ಬಗೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ, ಗೇರನ್ನೂ ತಾನೇ ಬದಲಿಸುವ ಎಎಂಟಿ, 2020ರಲ್ಲಿ ಹ್ಯುಂಡೈ ವೆನ್ಯೂ ಜೊತೆ ಬಂದ, ಗೇರ್ ಮಾತ್ರ ನಾವು ಹಾಕುವ ಐಎಂಟಿ ಎರಡೂ ಕ್ಲಚ್ ಪೆಡಲ್ ಇಲ್ಲದ ಕಾರುಗಳು. ಕ್ಲಚ್ ಒಳಗೆ ಇದ್ದೇ ಇದೆ, ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಐಎಂಟಿಯಲ್ಲಿ ಲಿವರ್‌ಗೆ ಕೈ ಹಾಕಿದರೆ ಸೆನ್ಸರ್ ತಿಳಿದುಕೊಂಡು ಕ್ಲಚ್ ಬಿಡಿಸುತ್ತದೆ. ಒಂದು ಸಂಜೆ ದೇವರಾಜ ಅರಸು ರಸ್ತೆಯ ದಟ್ಟಣೆಯಲ್ಲಿ ಓಡಿಸಿದೆ, ಎಡ ಮಂಡಿಗೆ ಆರಾಮಾಗಿತ್ತು.

ಹಾಗಾದರೆ ದಿನಾ ಕ್ಲಚ್ ಬಿಟ್ಟು ಓಡಿಸುತ್ತೀಯಾ ಅಂತ ಕೇಳಿದರೆ, ಇಲ್ಲ. ಕ್ಲಚ್ ಪ್ಲೇಟ್ ಉಳಿಯುತ್ತೆ ಅನ್ನುವವರಿದ್ದಾರೆ. ಪ್ಲೇಟ್ ಜಾಸ್ತಿ ಸವೆಯೋದು ಹೊರಡುವಾಗ, ಹಾಫ್ ಕ್ಲಚ್‌ನಲ್ಲಿ ನಿಂತಾಗ. ಗೇರ್ ಬದಲಿಸುವಾಗ ಉಳಿಸಿದ್ದು ಚೂರೇ ಚೂರು. ಅದಕ್ಕಾಗಿ ಸಿಂಕ್ರೋ ರಿಂಗ್ ಬಲಿ ಕೊಟ್ಟರೆ ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕು. ನನ್ನ ವೈರಿಗೆ ಕೂಲಿ ಸೇರಿ ಆದದ್ದು 650 ರೂಪಾಯಿ.

ವೈರ್ ಹೋಗುವ ಮುಂಚೆ ಹೇಳಿಯೂ ಇತ್ತು, ನನಗೆ ಕೇಳಿಸಿರಲಿಲ್ಲ. ಎರಡು ವಾರದಿಂದ ಪೆಡಲ್ ಬಿರುಸಾಗಿತ್ತು, ರಿವರ್ಸ್ ಹಾಕುವಾಗ ಸಣ್ಣಗೆ ಕಿರುಗುಡುತ್ತಿತ್ತು. ಕಟ್ಟಾದ ವೈರ್ ತೆಗೆದಾಗ ತುದಿಯಲ್ಲಿ ಎಳೆಗಳೆಲ್ಲ ಬಿಚ್ಚಿ ಹಳೇ ಪೊರಕೆಯ ಹಾಗಾಗಿತ್ತು, ಅರ್ಧದಷ್ಟು ಎಳೆಗೆ ತುಕ್ಕು ಹಿಡಿದಿತ್ತು. ಅವು ಆವತ್ತು ಕಟ್ಟಾದವಲ್ಲ, ಮುಂಚೆಯೇ ಕಟ್ಟಾಗಿದ್ದವು. ಈಗ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ಆ ತುದಿ ನೋಡುತ್ತೇನೆ. ಒಂದು ಹೊಸ ವೈರನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಮಾವನ ಮಗಳು ಈ ತಿಂಗಳು ಡ್ರೈವಿಂಗ್ ಕಲಿಯಲು ಶುರು ಮಾಡಿದ್ದಾಳೆ. ಬರುವ ಭಾನುವಾರ ಅವಳನ್ನೂ ಗದ್ದಿಗೆ ರಸ್ತೆಗೆ ಕರೆದುಕೊಂಡು ಹೋಗುತ್ತೇನೆ, ಮೊದಲು ಡಬಲ್ ಕ್ಲಚ್.